ಅರಿವು, ಮರವು ಮತ್ತು ಮನುಷ್ಯ ಸ್ವಭಾವ

ಮನುಷ್ಯ ಹುಟ್ಟಿನಿಂದ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಗೆ ವಿಜಯಪುರ ಸೀಮೆಯ ಶರಣ ಮತ್ತು ಸೂಫಿ ಪರಂಪರೆಗಳು ಹತ್ತಿರ ಹತ್ತಿರದ ಉತ್ತರ ಕೊಡುತ್ತವೆ.

ವೀರಶೈವ ಸಿದ್ಧಾಂತದ ಪ್ರಕಾರ ಜೀವ ಶಿವನ ಅಂಶ. ಅದಕ್ಕೆ ಆಣವ, ಮಾಯಾ, ಕಾರ್ಮಿಕ ಎಂಬ ಮೂರು ಮಲಗಳು ಅಂಟಿರುತ್ತವೆ. ವೇಧಾ, ಮಂತ್ರ, ಕ್ರಿಯಾ ದೀಕ್ಷೆಗಳು ಇವನ್ನು ಕ್ರಮವಾಗಿ ತೊಳೆಯುತ್ತವೆ. ಕೆಡುಕು ಇಲ್ಲಿ ಮರವಿನ, ಅಂದರೆ ತಾನು ಶಿವನ ಅಂಶವೆಂಬುದನ್ನು ಮರೆತದ್ದರ, ಫಲ. ಆದರೆ ಅರಿವು ತಾನಾಗಿ ನಿಲ್ಲುವುದಿಲ್ಲ, ಅದಕ್ಕೆ ಆಚಾರದ ಕಾವಲು ಬೇಕು.

ಸೂಫಿಗಳು ಇದನ್ನು ನಫ್ಸ್ (ಒಳಗಿನ ‘ನಾನು’) ಎಂಬ ಮಾತಿನಿಂದ ವಿವರಿಸುತ್ತಾರೆ. ಕೆಡುಕಿಗೆ ಎಳೆಯುವ ನಫ್ಸ್ ತನ್ನನ್ನೇ ದೂಷಿಸಿಕೊಳ್ಳುವ ಹಂತ ದಾಟಿ ಶಾಂತವಾಗುತ್ತದೆ. 17ನೇ ಶತಮಾನದಲ್ಲಿ ಬಿಜಾಪುರದ (ಈಗಿನ ವಿಜಯಪುರ) ಸೂಫಿಗಳ ಈ ಬೋಧನೆ ದಖನಿ ಭಾಷೆಯ ಚಕ್ಕಿನಾಮಾ ಎಂಬ ಬೀಸುವ ಹಾಡುಗಳ ಮೂಲಕ ಬೀಸುಕಲ್ಲಿನ ಮುಂದೆ ಕೂತ ಹೆಂಗಸರ ಬಾಯಿಗೂ ಬಂತು.

ರಾಜಕೀಯದಲ್ಲಿ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ದಂಡವಿಲ್ಲದಿದ್ದರೆ ದೊಡ್ಡ ಮೀನು ಸಣ್ಣದನ್ನು ನುಂಗುತ್ತದೆ ಎಂದದ್ದು ಅರ್ಥಶಾಸ್ತ್ರ. 1651ರಲ್ಲಿ ಇಂಗ್ಲೆಂಡಿನ ಚಿಂತಕ ಹಾಬ್ಸ್ ಕೂಡ ಬಲವಾದ ಪ್ರಭುತ್ವವನ್ನೇ ಬೇಡಿದ. ಇದಕ್ಕೆ ಎದುರಾಗಿ, ಮನುಷ್ಯನನ್ನು ಕೆಡಿಸುವುದು ಸಮಾಜವೆಂದು ಚಿಂತಕ ರೂಸೋ ವಾದಿಸಿದ. 12ನೇ ಶತಮಾನದಲ್ಲಿ ವಿಜಯಪುರ ಜಿಲ್ಲೆಯ ಬಾಗೇವಾಡಿಯಿಂದ ಹೋದ ಬಸವಣ್ಣ ಕಲ್ಯಾಣದಲ್ಲಿ ಹಿಡಿದ ದಾರಿ ಬೇರೆ. ಹುಟ್ಟು ಗುಣವನ್ನು ನಿರ್ಧರಿಸದಿದ್ದರೆ ಜಾತಿಯ ಮೇಲು-ಕೀಳಿಗೆ ಆಧಾರವೇ ಇಲ್ಲ. ಕಾಯಕ ಸೋಮಾರಿತನಕ್ಕೂ ದಾಸೋಹ ಕೂಡಿಡುವ ಆಸೆಗೂ ಕಡಿವಾಣವಾದವು. ಆದರೆ ಶರಣರಾದ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಜಾತಿ ಮೀರಿ ಮದುವೆಯಾದಾಗ ಕಲ್ಯಾಣದ ಅರಸ ಬಿಜ್ಜಳ ಆ ಇಬ್ಬರು ತಂದೆಯರಿಗೆ ಮರಣದಂಡನೆ ಕೊಟ್ಟನೆಂದೂ, ಮುಂದೆ ಅವನೇ ಕೊಲೆಯಾದನೆಂದೂ ಪರಂಪರೆ ಹೇಳುತ್ತದೆ. ಅರಸನ ಅಧಿಕಾರಕ್ಕೆ ಅಂಥ ಕಡಿವಾಣ ಇರಲಿಲ್ಲ. ಸೇಡಿನ ರಕ್ತವೂ ಹರಿಯಿತು.

ತನಗೆ ತಾನೇ ಕಡಿವಾಣ ಹಾಕಿಕೊಂಡ ಈಚಿನ ಉದಾಹರಣೆ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ನೆಲೆಸಿದ ಸಿದ್ಧೇಶ್ವರ ಸ್ವಾಮೀಜಿಯವರದು. ಅವರು ತೊಡುತ್ತಿದ್ದ ಅಂಗಿಗೆ ಕಿಸೆ ಇರಲಿಲ್ಲ. 2018ರಲ್ಲಿ ಪದ್ಮಶ್ರೀಯನ್ನು ಒಲ್ಲೆನೆಂದರು. ತಮಗೆ ಸ್ಮಾರಕ ಬೇಡವೆಂದು ಬರೆದಿಟ್ಟು 2023ರ ಜನವರಿ 2ರಂದು ಲಿಂಗೈಕ್ಯರಾದರು. ಆಸೆಯನ್ನು ಗೆದ್ದವರೆಂದು ಜನ ನಂಬಿದ ವ್ಯಕ್ತಿಯೂ ಆಸೆಗೆ ಜಾಗವನ್ನೇ ಬಿಡಲಿಲ್ಲ.

ಸಂವಿಧಾನದ ಕಟ್ಟುಪಾಡಿಗೂ ಇದೇ ತರ್ಕ. ಪ್ರತಿ ವಯಸ್ಕನಿಗೂ ಮತ ಕೊಡುವಾಗ ಅದು ಮನುಷ್ಯನ ವಿವೇಕವನ್ನು ನಂಬುತ್ತದೆ. ಆಳುವವರ ಅಧಿಕಾರವನ್ನು ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳಲ್ಲಿ ಹಂಚಿ ಅವಧಿ ಗೊತ್ತುಮಾಡುವಾಗ ಮನುಷ್ಯನ ಮರವೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ.