ಕೊಳವೆಯ ಶುದ್ಧಿಯೂ ಅನರ್ಥದಂಡವಿರತಿಯೂ

ದಶಲಕ್ಷಣ ಪರ್ವವು ಸಮೀಪಿಸಿದಾಗ ಶ್ರಾವಕರ ಮನೆಗಳಲ್ಲಿ ಅಡುಗೆಮನೆ, ಬಚ್ಚಲುಮನೆಗಳನ್ನು ಶುಚಿಗೊಳಿಸುವುದು ರೂಢಿ. ಆಗ ಕೊಳವೆ ಕಟ್ಟಿಕೊಂಡಿದ್ದರೆ ಅಂಗಡಿಯಿಂದ ಕ್ಷಾರದ ಪುಡಿಯನ್ನೋ ಆಮ್ಲದ ಸೀಸೆಯನ್ನೋ ತಂದು ಸುರಿಯುವುದುಂಟು. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲುಳಿದ ಜೀವಿಗಳನ್ನು ನೀರು ತಂದ ಬಾವಿಗೇ ಮರಳಿ ಬಿಡುವ ಕೈಯೇ ಈ ಕಾರ್ಯವನ್ನೂ ಮಾಡುತ್ತದೆ. ಇದರಲ್ಲಿ ವ್ರತಕ್ಕೆ ದೋಷವುಂಟೇ ಎಂಬುದು ವಿಚಾರಣೀಯವಾಗಿದೆ.

ಗೃಹಸ್ಥನು ಆರಂಭೀ ಹಿಂಸೆಯನ್ನು ಪೂರ್ಣವಾಗಿ ತೊರೆಯಲಾರನು. ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ತೊರೆಯಲೇಬೇಕು. ಕೊಳವೆಗೆ ಆಮ್ಲ ಸುರಿಯುವವನಿಗೆ ಕೊಲ್ಲುವ ಸಂಕಲ್ಪವಿಲ್ಲ. ಕಟ್ಟಿದ ಮೋರಿಯನ್ನು ಹಾಗೆಯೇ ಬಿಟ್ಟರೆ ಅಲ್ಲಿ ಅಸಂಖ್ಯ ಸಮ್ಮೂರ್ಛನ ಜೀವಿಗಳು ಹುಟ್ಟುತ್ತವೆಂಬುದೂ ಸತ್ಯ. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದಕ್ಕೇ ಮೊದಲ ಸ್ಥಾನವನ್ನಿತ್ತಿದ್ದಾರೆ. ಸಂಕಲ್ಪವಿಲ್ಲವೆಂದ ಮಾತ್ರಕ್ಕೆ ಪ್ರಮಾದವೂ ಇಲ್ಲವೆಂದಾಗದು.

ಪ್ರಮಾದವೆಲ್ಲಿದೆಯೆಂದು ತಿಳಿಯಲು ಈ ದ್ರವ್ಯಗಳ ಸ್ವಭಾವವನ್ನು ಅರಿಯಬೇಕು. ಇಂತಹ ಪುಡಿಗಳಲ್ಲಿ ಸಾಮಾನ್ಯವಾಗಿರುವ ಕಾಸ್ಟಿಕ್ ಸೋಡಾ ಜಿಡ್ಡನ್ನು ಸಾಬೂನಾಗಿ ಮಾರ್ಪಡಿಸುತ್ತದೆ, ಕೂದಲನ್ನು ಕರಗಿಸುತ್ತದೆ. ಆದರೆ ನೀರು ಸೇರಿದೊಡನೆ ಅದು ತೀವ್ರವಾದ ಶಾಖವನ್ನು ಹೊಮ್ಮಿಸುತ್ತದೆ. ಆ ಶಾಖಕ್ಕೆ ಪಿ.ವಿ.ಸಿ. ಕೊಳವೆ ಮೆತ್ತಗಾಗಿ ಬಾಗಬಹುದು. ನೀರು ಸಾಲದಿದ್ದರೆ ಪುಡಿಯೇ ಒಳಗೆ ಗಟ್ಟಿಯಾಗಿ ಮತ್ತೊಂದು ತಡೆಯಾಗುತ್ತದೆ. ಆಮ್ಲವು ಕಬ್ಬಿಣದ ಕೊಳವೆಯನ್ನು ಕೊರೆಯುತ್ತದೆ. ಬ್ಲೀಚಿಂಗ್ ಪುಡಿಯೊಡನೆ ಬೆರೆತರೆ ಉಸಿರಾಟಕ್ಕೆ ಮಾರಕವಾದ ಕ್ಲೋರಿನ್ ಅನಿಲ ಹೊರಡುತ್ತದೆ. ಸೆಪ್ಟಿಕ್ ಟ್ಯಾಂಕಿಗೆ ಇಳಿದರೆ ಕೊಳೆಯನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ.

ಇವೆಲ್ಲಕ್ಕಿಂತ ಗಂಭೀರವಾದುದು ಇನ್ನೊಂದಿದೆ. ಸುರಿದರೂ ಕೊಳವೆ ತೆರೆಯದಿದ್ದರೆ ಆ ದ್ರವವು ಅಲ್ಲಿಯೇ ನಿಲ್ಲುತ್ತದೆ. ಮರುದಿನ ನಲ್ಲಿ ಕೆಲಸದವನನ್ನು ಕರೆಯುತ್ತಾರೆ. ಮನೆಯವರು ಏನನ್ನೂ ಹೇಳುವುದಿಲ್ಲ. ಅವನು ಬರಿಗೈಯಿಂದ ಕೊಳವೆಯ ಬಾಗನ್ನು ಬಿಚ್ಚುತ್ತಾನೆ. ಕ್ಷಾರವು ಕಣ್ಣಿಗೆ ಸಿಡಿದರೆ ಒಳಗಿಳಿದು ದೃಷ್ಟಿಯನ್ನೇ ಕಳೆಯಬಲ್ಲದು. ಒಡನೆಯೇ ಬಹಳ ಹೊತ್ತು ನೀರಿನಿಂದ ತೊಳೆಯುತ್ತ ವೈದ್ಯರ ಬಳಿಗೆ ಒಯ್ಯಬೇಕು. ಅವನ ಕಣ್ಣಿಗೆ ಹೊಣೆ ಯಾರು?

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿವರಿಸಿದ್ದಾರೆ. ಅವುಗಳಲ್ಲಿ ಹಿಂಸಾದಾನವೆಂದರೆ ಹಿಂಸೆಯ ಉಪಕರಣಗಳನ್ನು ಪರರಿಗೆ ಕೊಡುವುದು. ಪ್ರಮಾದಚರ್ಯೆಯೆಂದರೆ ಪ್ರಯೋಜನವಿಲ್ಲದೆ ಜೀವಿಗಳನ್ನು ಪೀಡಿಸುವ ಅಜಾಗರೂಕ ನಡೆ. ಸರಳ ಉಪಾಯವಿರುವಾಗ ಆಮ್ಲ ಸುರಿಯುವುದು ಎರಡನೆಯದಕ್ಕೆ ಸಲ್ಲುತ್ತದೆ. ಅದನ್ನು ಮರೆಮಾಚಿ ಕೊಳವೆಯನ್ನು ಇನ್ನೊಬ್ಬನ ಕೈಗೆ ಒಪ್ಪಿಸುವುದು ಮೊದಲನೆಯದಕ್ಕೆ ಬಹಳ ದೂರವಿಲ್ಲ.

ಉಪಾಯಗಳು ಕಷ್ಟಸಾಧ್ಯವಲ್ಲ. ಬಚ್ಚಲ ಬಾಯಿಗೆ ಜಾಲರಿ ಹಾಕಿ ಕೂದಲನ್ನು ದಿನವೂ ತೆಗೆಯಬೇಕು. ಜಿಡ್ಡಿನ ಪಾತ್ರೆಗಳನ್ನು ಮೊದಲು ಒರೆಸಿ ಅನಂತರ ತೊಳೆಯಬೇಕು. ಕಟ್ಟಿಕೊಂಡರೆ ರಬ್ಬರಿನ ಒತ್ತುಬಟ್ಟಲಿನಿಂದ ಒತ್ತಿ ಎಳೆಯಬೇಕು. ಆಗದಿದ್ದರೆ ಬಾಗನ್ನು ಬಿಚ್ಚಿ ಕೊಳೆಯನ್ನು ತೆಗೆಯಬೇಕು. ಮೊದಲೇ ಎಚ್ಚರವಿದ್ದರೆ ಜೀವೋತ್ಪತ್ತಿಯೂ ಇಲ್ಲ, ಜೀವಘಾತವೂ ಇಲ್ಲ.

ಅರಿಯದೆ ಸುರಿದಾಗಿದ್ದರೆ, ಕೆಲಸದವನು ಕೊಳವೆಯನ್ನು ಮುಟ್ಟುವ ಮುನ್ನವೇ ಏನು ಸುರಿದಿದೆ, ಎಷ್ಟು ಸುರಿದಿದೆ ಎಂಬುದನ್ನು ತಿಳಿಸಲೇಬೇಕು. ಚತುರ್ದಶಿಯಂದು ಆಹಾರವನ್ನು ತ್ಯಜಿಸಿದ ಶ್ರಾವಕನಿಗೆ ಆ ಒಂದು ಮಾತನ್ನಾಡುವ ಸಂಕೋಚವನ್ನು ತ್ಯಜಿಸುವುದು ಅಸಾಧ್ಯವಾಗಬಾರದು.