ಕೂಲಿಯ ಲೆಕ್ಕ ಮತ್ತು ಎರಡು ಪುರಾಣಗಳು

ಹಾಸ್ಟೆಲಿನಲ್ಲಿ ಊಟ ಮಾಡುತ್ತಿದ್ದಾಗ ಗೆಳೆಯನೊಬ್ಬ ಕೇಳಿದ: 'ಗ್ರೀಕರ ಪುರಾಣ ಇದೆ, ಮಹಾಭಾರತ ಇದೆ, ನಿಮ್ಮ ಕಡೆಯ ಕಾಡುಗೊಲ್ಲರು ಹಾಡುವ ಜುಂಜಪ್ಪನ ಕಾವ್ಯ ಇದೆ. ಇವುಗಳ ಮುಂದೆ ಕ್ರೈಸ್ತ ಪುರಾಣದಲ್ಲಿ ಏನು ಸ್ವಾರಸ್ಯ ಮಾರಾಯ? ಇರುವವನೊಬ್ಬನೇ ದೇವರು. ದೇವರು ದೇವರ ನಡುವೆ ಜಗಳವೂ ಇಲ್ಲ!' ಎಲ್ಲರೂ ನಕ್ಕೆವು. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಪುರಾಣ ಎಂದರೆ ಸುಳ್ಳು ಎಂಬ ಅರ್ಥದಲ್ಲಿ ನಾನು ಈ ಪದ ಬಳಸುತ್ತಿಲ್ಲ. ಒಂದು ಸಮುದಾಯ ತನ್ನ ನ್ಯಾಯ ಅನ್ಯಾಯಗಳನ್ನು ಅಳೆಯಲು ಇಟ್ಟುಕೊಂಡ ಕಥೆಗಳೇ ಪುರಾಣ. ಹಾಗೆ ನೋಡಿದರೆ ಸ್ವಾರಸ್ಯ ಇರುವುದು ದೇವರುಗಳ ಸಂಖ್ಯೆಯಲ್ಲಲ್ಲ.

ಮುಳ್ಳನ್ನೇ ತೆಗೆದುಕೊಳ್ಳಿ. ನಮ್ಮ ಚಳ್ಳಕೆರೆ ತಾಲ್ಲೂಕಿನ ಕ್ಯಾತಪ್ಪನ ಪರಿಷೆಯಲ್ಲಿ ಕಾಡುಗೊಲ್ಲರು ಮುಳ್ಳುಕಂಟಿಯಿಂದ ದೇವರಿಗೆ ಗುಡಿ ಕಟ್ಟುತ್ತಾರೆ. ಆಮೇಲೆ ಬರಿಗಾಲಲ್ಲಿ ಅದರ ಮೇಲೇರಿ ಕಳಸ ಕೀಳುತ್ತಾರೆ. ದೇವರ ದಯೆಯಿದ್ದರೆ ಮುಳ್ಳು ಏನೂ ಮಾಡದು ಎಂಬುದು ನಂಬಿಕೆ. ಯೇಸುವಿನ ಕಥೆಯಲ್ಲೂ ಮುಳ್ಳಿದೆ, ಕಿರೀಟವಾಗಿ. ಅಲ್ಲಿ ಮುಳ್ಳು ಚುಚ್ಚುತ್ತದೆ, ಅದೂ ದೇವರ ತಲೆಗೇ. ಒಂದು ಕಡೆ ಚುಚ್ಚದಿರುವುದೇ ಪವಾಡ, ಇನ್ನೊಂದು ಕಡೆ ಚುಚ್ಚಿಸಿಕೊಳ್ಳುವುದೇ ಮಹಿಮೆ. ಇವುಗಳಲ್ಲಿ ಯಾವುದು ಮೇಲು ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟಾಗ, ದೇವರಿಂದ ನಾವು ಏನನ್ನು ಬಯಸುತ್ತೇವೆ ಎಂಬ ಪ್ರಶ್ನೆ ಏಳುತ್ತದೆ.

ಇದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಕೂಲಿಯ ಕಥೆ.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮಾತು ನಮ್ಮ ಸೀಮೆಯಲ್ಲಿ ಮಕ್ಕಳ ಬಾಯಲ್ಲೂ ಇದೆ: 'ಮಾಡಿದಷ್ಟು ನೀಡು ಭಿಕ್ಷೆ'. ಸ್ವಾಮಿ ಕೆರೆ ಕಟ್ಟಿಸುವಾಗ ಕೂಲಿಯವರು ಸಂಜೆ ಮಣ್ಣಿನ ಗುಡ್ಡೆಗೆ ಕೈಹಾಕಿದರೆ ಅವರವರು ದುಡಿದಷ್ಟೇ ಹಣ ಸಿಗುತ್ತಿತ್ತಂತೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಬಿಟ್ಟಿ ದುಡಿಸಿಕೊಳ್ಳುತ್ತಿದ್ದ ಲೋಕದಲ್ಲಿ ದುಡಿದವನ ಕೂಲಿ ಪೂರ್ತಿ ಅವನ ಕೈಸೇರುವುದೇ ಒಂದು ಪವಾಡ. ನನ್ನ ಅಜ್ಜಿ ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಿದ್ದಳು. ಅವಳೂ ಹಾಗೇ ಬದುಕಿದವಳು. ಶೇಂಗಾ ಬಿಡಿಸಲು ಹೋದರೆ ಡಬ್ಬದ ಲೆಕ್ಕದಲ್ಲಿ ಕೂಲಿ. ಬಿಡಿಸಿದಷ್ಟು ದುಡ್ಡು.

ಎಂ.ಎ. ಓದುವಾಗ ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದ ಸಾಮತಿ ಓದಿದೆ. ದ್ರಾಕ್ಷಿತೋಟದ ಯಜಮಾನ ಬೆಳಗಿನ ಜಾವವೇ ಒಂದು ಬೆಳ್ಳಿ ನಾಣ್ಯಕ್ಕೆ ಆಳುಗಳನ್ನು ಗೊತ್ತು ಮಾಡುತ್ತಾನೆ. ಮತ್ತೆ 9 ಗಂಟೆಗೆ, 12ಕ್ಕೆ, 3ಕ್ಕೆ, ಕೊನೆಗೆ ಸಂಜೆ 5ಕ್ಕೂ ಹೋಗಿ ಜನರನ್ನು ಕರೆತರುತ್ತಾನೆ. ಬಟವಾಡೆ ಹೊತ್ತಿಗೆ ಎಲ್ಲರಿಗೂ ಒಂದೊಂದೇ ನಾಣ್ಯ! ಬಿಸಿಲಲ್ಲಿ ಬೆಂದವರು ಗೊಣಗಿದರೆ, 'ಒಪ್ಪಿದ್ದನ್ನು ಕೊಟ್ಟಿದ್ದೇನೆ, ನನ್ನ ಹಣ ನನ್ನಿಷ್ಟ' ಎಂಬರ್ಥದ ಉತ್ತರ ಕೊಡುತ್ತಾನೆ. ನನಗೆ ಸಿಟ್ಟೇ ಬಂತು. ಕೂಲಿಯವರ ಮನೆಯಲ್ಲಿ ಹುಟ್ಟಿದ ಯಾರಿಗೂ ಬರುತ್ತದೆ. 'ನನ್ನ ಹಣ ನನ್ನಿಷ್ಟ' ಎನ್ನುವವನು ನಾಳೆ ಕೂಲಿ ಮುರಿದುಕೊಂಡರೂ ಅದೇ ಮಾತು ಆಡುತ್ತಾನಲ್ಲ?

ಆ ಸಿಟ್ಟು ಇಳಿಯಲು ವರ್ಷಗಳೇ ಬೇಕಾದವು. ಸಂಜೆ ಬಂದವರು ಸೋಮಾರಿಗಳಲ್ಲ, ದಿನವಿಡೀ ಯಾರೂ ಕರೆಯದೆ ನಿಂತಿದ್ದವರು ಎಂಬುದನ್ನು ಮೊದಲ ಓದಿನಲ್ಲಿ ನಾನು ಗಮನಿಸಿಯೇ ಇರಲಿಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆಯಿಂದ ಗುಳೆ ಹೋಗಿ, ಬೆಂಗಳೂರಿನ ಯಾವುದೋ ವೃತ್ತದಲ್ಲಿ ಬುತ್ತಿ ಹಿಡಿದು ನಿಲ್ಲುವವರು ನೆನಪಾದರು. ಮೊಳಕಾಲ್ಮುರಿನ ಗೆಳೆಯನ ತಂದೆ ನೆನಪಾದರು. ಅವರು ರೇಷ್ಮೆ ಸೀರೆ ನೇಯುವವರು. ಸೀರೆಗಿಷ್ಟು ಎಂದು ಮಜೂರಿ. ಕಣ್ಣು ಮಂಜಾಗುತ್ತ ಬಂದ ಹಾಗೆ ಸೀರೆಗೆ ಹಿಡಿಯುವ ದಿನ ಹೆಚ್ಚಾದವು, ಮಜೂರಿ ಹೆಚ್ಚಲಿಲ್ಲ. ದುಡಿಮೆ ಕಡಿಮೆಯಾದರೆ ಹಸಿವೂ ಕಡಿಮೆಯಾಗುತ್ತದೆಯೇ? ಮಾಡಿದಷ್ಟು ನೀಡುವ ನ್ಯಾಯ ಇಲ್ಲಿ ತಡವರಿಸುತ್ತದೆ. ಸಾಮತಿ ಕೈಹಾಕುವುದು ಈ ತಾವಿಗೇ. ಒಂದು ನಾಣ್ಯವೆಂದರೆ ಅಂದಿನ ಒಂದು ದಿನದ ಕೂಲಿ, ಒಂದು ಸಂಸಾರದ ಒಂದು ದಿನದ ಅನ್ನ.

ಈ ಸಾಮತಿಯ ಮಾತಿನಿಂದಲೇ ಜಾನ್ ರಸ್ಕಿನ್ ತನ್ನ 'ಅನ್‌ ಟು ದಿಸ್ ಲಾಸ್ಟ್' ಪುಸ್ತಕಕ್ಕೆ ಹೆಸರು ತೆಗೆದುಕೊಂಡ. ಗಾಂಧೀಜಿ 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಅದನ್ನು ಓದಿ, 1908ರಲ್ಲಿ ಗುಜರಾತಿಗೆ ತಂದು 'ಸರ್ವೋದಯ' ಎಂದು ಕರೆದರು. ವಕೀಲನ ದುಡಿಮೆಗೂ ಕ್ಷೌರಿಕನ ದುಡಿಮೆಗೂ ಒಂದೇ ಬೆಲೆ ಎಂಬ ತಿಳಿವಳಿಕೆ ಅವರಿಗೆ ಅಲ್ಲಿ ಸಿಕ್ಕಿತು. ಸ್ವಾರಸ್ಯವಿಲ್ಲದ ಕಥೆ ಇಷ್ಟು ದೂರ ನಡೆಯಲಾರದು.

ಹಾಗೆಂದು ನಾನು ಯಜಮಾನನ ಪಕ್ಷ ವಹಿಸಿಬಿಟ್ಟೆನೆಂದಲ್ಲ. ಅವನ ಔದಾರ್ಯ ಅವನ ಮರ್ಜಿಯ ಮೇಲೆ ನಿಂತಿದೆ ಎಂಬ ಅನುಮಾನ ಈಗಲೂ ಇದೆ. ಮಣ್ಣಿನ ಗುಡ್ಡೆಯ ಕಥೆಯಲ್ಲಿ ಕೂಲಿ ಆಳಿನ ಹಕ್ಕು, ಯಾರ ಮರ್ಜಿಯೂ ಬೇಕಿಲ್ಲ. ದ್ರಾಕ್ಷಿತೋಟದಲ್ಲಿ ಅಶಕ್ತನಿಗೂ ಅನ್ನವಿದೆ, ಆದರೆ ಕೊಡುವವನು ಒಳ್ಳೆಯವನಾಗಿರಬೇಕು. ಒಂದರ ಕೊರತೆಯನ್ನು ಇನ್ನೊಂದು ತೋರಿಸಿಕೊಡುತ್ತದೆ. ಪುರಾಣಗಳನ್ನು ಹೋಲಿಸುವುದಾದರೆ ಅಂಕ ಹಾಕಲಿಕ್ಕಲ್ಲ, ಇದಕ್ಕೆ.

ಅಜ್ಜಿಯ ಕೊನೆಯ ವರ್ಷಗಳಲ್ಲಿ ಬೆರಳು ಮಣಿಯುತ್ತಿರಲಿಲ್ಲ. ಆದರೂ ಶೇಂಗಾ ಬಿಡಿಸಲು ಹೋಗುತ್ತಿದ್ದಳು. ಸಂಜೆ ಅಳತೆಗೆ ಮುಂಚೆ ಅಕ್ಕಪಕ್ಕದ ಹೆಂಗಸರು ತಮ್ಮ ರಾಶಿಯಿಂದ ಒಂದೊಂದು ಬೊಗಸೆ ತೆಗೆದು ಅವಳ ರಾಶಿಗೆ ಹಾಕುತ್ತಿದ್ದುದನ್ನು ನಾನು ಕಂಡಿದ್ದೇನೆ. ಹೊಲದವನು ಅಳೆದು, ರಾಶಿಯಷ್ಟು ಕೂಲಿ ಕೊಡುತ್ತಿದ್ದ. ಆ ಹೆಂಗಸರು ಸುವಾರ್ತೆ ಓದಿದವರಲ್ಲ, ಪ್ರತಿ ಫಾಲ್ಗುಣದಲ್ಲಿ ಹಟ್ಟಿಯ ತೇರಿಗೆ ಹೋಗುವವರು. ಮಾಡಿದಷ್ಟಕ್ಕೆ ಕೂಲಿ ಎಂಬ ನ್ಯಾಯವನ್ನು ಅವರು ಮುರಿಯಲಿಲ್ಲ. ಅಜ್ಜಿ ಮಾಡಿದ್ದನ್ನೇ ಸ್ವಲ್ಪ ಹೆಚ್ಚು ಮಾಡಿದರು.

ಗೆಳೆಯನಿಗೆ ಅಂದು ಉತ್ತರ ಹೇಳಿರಲಿಲ್ಲ. ಈಗ ಹೇಳುವುದಾದರೆ ಆ ಬೊಗಸೆಗಳ ವಿಷಯವನ್ನೇ ಹೇಳುತ್ತೇನೆ.