ನೆಲದ ಮೇಲಿನ ಎಚ್ಚರ

ಬೇಕೆಂದೇ ಎಸಗಿದ ಕೃತ್ಯಕ್ಕೆ ಮನುಷ್ಯನನ್ನು ಹೊಣೆಯಾಗಿಸುವುದು ಎಲ್ಲರೂ ಒಪ್ಪಿದ ನ್ಯಾಯ. ಆದರೆ ಯಾವ ದುರುದ್ದೇಶವೂ ಇಲ್ಲದೆ, ಮನಸ್ಸು ಒಂದು ಕ್ಷಣ ಬೇರೆಡೆಗೆ ಹೊರಳಿದುದರಿಂದಲೇ ಅನರ್ಥವೊದಗಿದರೆ ಅದನ್ನು ದೋಷವೆನ್ನಬೇಕೆ, ದುರ್ದೈವವೆನ್ನಬೇಕೆ? ಈ ಪ್ರಶ್ನೆ ಹೊಸದಲ್ಲ. ‘ಪ್ರಮಾದ’ವೆಂಬ ಶಬ್ದವನ್ನು ನಾವಿಂದು ತಪ್ಪು ಎಂಬರ್ಥದಲ್ಲಿ ಬಳಸುತ್ತೇವೆ. ಸಂಸ್ಕೃತದಲ್ಲಿ ಅದಕ್ಕೆ ಮೈಮರೆವು, ಅನವಧಾನ ಎಂಬ ಅರ್ಥವೂ ಉಂಟು. ಚಿತ್ತವನ್ನು ಕದಡುವ ಒಂಬತ್ತು ಅಂತರಾಯಗಳನ್ನು ಯೋಗಸೂತ್ರದಲ್ಲಿ ಎಣಿಸುವಾಗ ಪತಂಜಲಿಯು ಪ್ರಮಾದವನ್ನೂ, ಇಲ್ಲದುದನ್ನು ಕಾಣುವ ಭ್ರಾಂತಿದರ್ಶನವನ್ನೂ ಅವುಗಳಲ್ಲಿ ಸೇರಿಸಿದ್ದಾನೆ. ಈ ಎರಡೂ ಎಷ್ಟು ಹತ್ತಿರದ ನೆಂಟರೆಂಬುದನ್ನು ತಿಳಿಯಲು ನಮ್ಮ ಕಾಲದ ವಿಮಾನಯಾನವು ಒಳ್ಳೆಯ ನಿದರ್ಶನವನ್ನು ಒದಗಿಸುತ್ತದೆ.

ವಿಮಾನ ಪ್ರಯಾಣದ ಅಪಾಯವೆಲ್ಲ ಆಕಾಶದಲ್ಲಿದೆಯೆಂಬುದು ಜನಸಾಮಾನ್ಯರ ಭಾವನೆ. ವಿಮಾನವು ತಾನು ನಿಂತ ಜಾಗದಿಂದ ರನ್‌ವೇಯವರೆಗೆ ತನ್ನ ಚಕ್ರಗಳ ಮೇಲೆ ನಿಧಾನವಾಗಿ ಸಾಗುವುದನ್ನು ‘ಟ್ಯಾಕ್ಸಿ’ ಮಾಡುವುದೆನ್ನುತ್ತಾರೆ. ಆಗ ಪ್ರಯಾಣಿಕನು ಕಿಟಕಿಯಾಚೆ ನೋಡುತ್ತ, ಹಾರಾಟ ಇನ್ನೂ ಮೊದಲಾಗಿಲ್ಲವೆಂದು ಭಾವಿಸುತ್ತಾನೆ. ಚಾಲಕರ ಪಾಲಿಗೆ ಅದು ಬಿಡುವಿನ ವೇಳೆಯಲ್ಲ. ಕಂಟ್ರೋಲ್ ಟವರಿನ ಸೂಚನೆಗಳನ್ನು ಕೇಳಿ ಮರುನುಡಿಯಬೇಕು. ನಿಲ್ದಾಣದ ನಕ್ಷೆಯನ್ನೂ ಹಾದಿಬದಿಯ ಫಲಕಗಳನ್ನೂ ತಾಳೆನೋಡಬೇಕು. ಅಡ್ಡ ಬರುವ ರನ್‌ವೇಗಳ ಬಳಿ ನಿಲ್ಲಬೇಕೋ ದಾಟಬೇಕೋ ಅರಿತಿರಬೇಕು. ಇದರ ನಡುವೆಯೇ ಮೇಲೇರುವ ಸಿದ್ಧತೆಯ ಪಟ್ಟಿಯನ್ನು ಓದಿ ಮುಗಿಸಬೇಕು. ವೇಗ ಕಡಿಮೆಯಿರುವುದರಿಂದ ಕೆಲಸವೂ ಹಗುರವೆಂಬ ಭ್ರಮೆ ಹುಟ್ಟುತ್ತದೆ. ನೂರಾರು ಸಲ ಮಾಡಿದ ಕೆಲಸವಾದುದರಿಂದ ಕೈಗಳು ತಾವಾಗಿ ನಡೆಯುತ್ತವೆ. ಮನಸ್ಸು ಬೇರೆಡೆ ವಿಹರಿಸತೊಡಗುತ್ತದೆ.

ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ನಿಲ್ದಾಣದಲ್ಲಿ ೨೦೦೬ನೆಯ ಆಗಸ್ಟ್ ೨೭ರಂದು ನಡೆದುದು ಇದಕ್ಕೆ ಸಾಕ್ಷಿ. ಇನ್ನೂ ಸೂರ್ಯೋದಯವಾಗಿರಲಿಲ್ಲ. ಕೋಮೇರ್ ಸಂಸ್ಥೆಯ ವಿಮಾನವೊಂದು ೭,೦೦೦ ಅಡಿ ಉದ್ದದ ರನ್‌ವೇಯಿಂದ ಏರಬೇಕಾಗಿತ್ತು. ಅದಕ್ಕೆ ಬದಲಾಗಿ ಅದರ ಅರ್ಧದಷ್ಟೇ ಉದ್ದವಿದ್ದ, ದೀಪಗಳಿಲ್ಲದ ಇನ್ನೊಂದು ರನ್‌ವೇಗೆ ತಿರುಗಿ ಓಡತೊಡಗಿತು. ನೆಲವನ್ನು ಬಿಟ್ಟು ಸರಿಯಾಗಿ ಏರಲಾರದೆ ನಾಶವಾಯಿತು. ಒಳಗಿದ್ದ ೫೦ ಮಂದಿಯಲ್ಲಿ ೪೯ ಮಂದಿ ಅಸುನೀಗಿದರು, ಸಹಚಾಲಕರೊಬ್ಬರೇ ಬದುಕುಳಿದರು. ಟ್ಯಾಕ್ಸಿ ಮಾಡುವಾಗ ಚಾಲಕರಿಬ್ಬರೂ ಹಾರಾಟಕ್ಕೆ ಸಂಬಂಧವಿಲ್ಲದ ಮಾತಿನಲ್ಲಿ ಕೆಲಹೊತ್ತು ತೊಡಗಿದ್ದರೆಂದೂ, ತಾವೆಲ್ಲಿದ್ದೇವೆಂಬ ಅರಿವು ತಪ್ಪಲು ಅದು ಕಾರಣವಾಗಿರಬಹುದೆಂದೂ ತನಿಖೆಯಲ್ಲಿ ಕಂಡುಬಂದಿತು. ಓಟದ ನಡುವೆ ದೀಪಗಳಿಲ್ಲವೆಂಬುದನ್ನು ಸಹಚಾಲಕರು ಗಮನಿಸಿ ನುಡಿದರು. ಹಿರಿಯ ಚಾಲಕರು ಹೌದೆಂದರು. ಕಣ್ಣು ಕಂಡಿತ್ತು, ಬಾಯಿ ಹೇಳಿತ್ತು, ಕಿವಿ ಕೇಳಿತ್ತು. ಆದರೆ ಸರಿಯಾದ ದಾರಿಯಲ್ಲೇ ಇದ್ದೇವೆಂಬ ಭಾವನೆ ಒಳಗೆ ಗಟ್ಟಿಯಾಗಿ ಕುಳಿತಿದ್ದುದರಿಂದ, ಕಂಡ ಸತ್ಯಕ್ಕೆ ಅರ್ಥವೇ ಹುಟ್ಟಲಿಲ್ಲ. ಪ್ರಮಾದವು ಭ್ರಾಂತಿದರ್ಶನವಾಗಿ ಪರಿಣಮಿಸುವ ಬಗೆ ಹೀಗೆ.

ಇಂತಹ ಮೈಮರೆವನ್ನು ತಡೆಯುವ ನಿಯಮವು ಆ ವೇಳೆಗೆ ಜಾರಿಯಲ್ಲಿತ್ತು. ೧೯೭೪ರಲ್ಲಿ ಅಮೆರಿಕದ ಷಾರ್ಲಟ್ ನಗರದ ಬಳಿ ವಿಮಾನವೊಂದು ಇಳಿಯುವಾಗ ಅದರ ಚಾಲಕರು ರಾಜಕೀಯವೇ ಮೊದಲಾದ ಹರಟೆಯಲ್ಲಿ ಮಗ್ನರಾಗಿ ಎತ್ತರವನ್ನು ಗಮನಿಸದೆ ಹೋದರು. ೭೦ಕ್ಕೂ ಹೆಚ್ಚು ಜನ ಮಡಿದರು. ಇಂತಹ ಘಟನೆಗಳಿಂದ ಪಾಠ ಕಲಿತು ೧೯೮೧ರಲ್ಲಿ ಆ ದೇಶವು ‘ಸ್ಟೆರೈಲ್ ಕಾಕ್‌ಪಿಟ್’ ನಿಯಮವನ್ನು ತಂದಿತು. ಏರುವಾಗ, ಇಳಿಯುವಾಗ ಹಾಗೂ ಸಾಮಾನ್ಯವಾಗಿ ೧೦,೦೦೦ ಅಡಿಗಿಂತ ಕೆಳಗೆ ಹಾರುವಾಗ ಚಾಲಕರು ಸುರಕ್ಷತೆಗೆ ಸಂಬಂಧಿಸದ ಯಾವ ಕೆಲಸದಲ್ಲೂ ತೊಡಗಕೂಡದು. ಊಟ ಸಲ್ಲದು, ಪತ್ರಿಕೆ ಓದುವುದು ಸಲ್ಲದು, ಅನಗತ್ಯ ಸಂಭಾಷಣೆ ಸಲ್ಲದು. ದಾರಿಯ ಚೆಲುವನ್ನು ಪ್ರಯಾಣಿಕರಿಗೆ ವರ್ಣಿಸುವುದೂ ಸಲ್ಲದು. ನೆಲದ ಮೇಲಿನ ಟ್ಯಾಕ್ಸಿಯನ್ನೂ ಈ ನಿಯಮವು ಅಷ್ಟೇ ಗಂಭೀರ ಘಟ್ಟವೆಂದು ಎಣಿಸಿರುವುದು ಗಮನಾರ್ಹ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಮನಸ್ಸು ಸ್ವಭಾವತಃ ಚಂಚಲ. ಸ್ವಭಾವವನ್ನು ದೋಷವೆನ್ನುವುದು ನ್ಯಾಯವೇ? ಲೆಕ್ಸಿಂಗ್ಟನ್ನಿನಲ್ಲಿ ಕಾಮಗಾರಿಯಿಂದಾಗಿ ದಾರಿಗಳು ಬದಲಾಗಿದ್ದವು. ಟವರಿನಲ್ಲಿದ್ದ ಏಕೈಕ ನಿಯಂತ್ರಕರು ಆ ಹೊತ್ತಿಗೆ ಬೇರೊಂದು ಕೆಲಸಕ್ಕೆ ತಿರುಗಿದ್ದರು. ಹೊಣೆಯೆಲ್ಲವನ್ನೂ ಇಬ್ಬರ ಮೇಲೆ ಹೊರಿಸುವುದು ಸರಿಯೇ? ಆಕ್ಷೇಪಣೆಯಲ್ಲಿ ಸತ್ಯವಿದೆ. ಆದುದರಿಂದಲೇ ವಿವೇಕಿಗಳಾದ ತನಿಖೆಗಾರರು ಅಪರಾಧಿಯನ್ನು ಹುಡುಕುವುದಕ್ಕಿಂತ ಕಾರಣಗಳ ಸರಪಳಿಯನ್ನು ಬಿಡಿಸಲು ಯತ್ನಿಸುತ್ತಾರೆ. ಆದರೂ ಒಂದು ಮಾತು ಉಳಿಯುತ್ತದೆ. ಮನಸ್ಸಿನ ಚಾಂಚಲ್ಯ ನಮ್ಮ ಆಯ್ಕೆಯಲ್ಲ, ನಿಜ. ಅದು ಚಂಚಲವೆಂದು ಅರಿತ ಮೇಲೆ ಅದಕ್ಕೆ ಬೇಲಿ ಹಾಕುವುದೂ ಹಾಕದಿರುವುದೂ ನಮ್ಮ ಆಯ್ಕೆಯೇ. ಚಿತ್ತವು ಜಾರಿದ ಕ್ಷಣಕ್ಕಿಂತ, ಜಾರೀತೆಂದು ತಿಳಿದೂ ಬೇಲಿಯನ್ನು ಸಡಿಲಿಸಿದ ಕ್ಷಣದಲ್ಲಿ ನಮ್ಮ ಹೊಣೆ ಹೆಚ್ಚಿನದು. ಸಹೋದ್ಯೋಗಿಯೊಡನೆ ಸ್ನೇಹದಿಂದ ಮಾತನಾಡುವುದು ಸದ್ಗುಣವೇ. ಬಾಗಿಲಾಚೆ ಕುಳಿತವರು ತಮ್ಮ ಪ್ರಾಣವನ್ನೇ ಒಪ್ಪಿಸಿರುವ ಹೊತ್ತಿನಲ್ಲಿ ಅದೇ ಸದ್ಗುಣವು ಕರ್ತವ್ಯಲೋಪವಾಗುತ್ತದೆ.

ಹಾಗೆಂದು ಮೌನವೇ ಸರ್ವಸ್ವವೆಂದು ತಿಳಿಯಬಾರದು. ೧೯೭೭ನೆಯ ಮಾರ್ಚ್ ೨೭ರಂದು ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದಲ್ಲಿ ಎರಡು ಬೃಹತ್ ಜಂಬೋ ವಿಮಾನಗಳು ರನ್‌ವೇಯ ಮೇಲೆಯೇ ಡಿಕ್ಕಿ ಹೊಡೆದು ೫೮೩ ಜನ ಸತ್ತರು. ನೆರೆಯ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸ್ಫೋಟವಾಗಿದ್ದುದರಿಂದ ಹಲವು ವಿಮಾನಗಳು ಅಲ್ಲಿ ಬಂದು ತುಂಬಿಕೊಂಡಿದ್ದವು. ದಟ್ಟವಾದ ಮಂಜು ಕವಿದಿತ್ತು. ಪ್ಯಾನ್ ಆಮ್ ವಿಮಾನವು ಇನ್ನೂ ರನ್‌ವೇಯ ಮೇಲೆ ಟ್ಯಾಕ್ಸಿ ಮಾಡುತ್ತಿರುವಾಗ, ಕೆಎಲ್‌ಎಂ ವಿಮಾನವು ಅನುಮತಿ ದೊರೆಯುವ ಮುನ್ನವೇ ಏರಲು ಓಡತೊಡಗಿತು. ಎದುರಿನ ವಿಮಾನ ದಾರಿ ಬಿಟ್ಟಿದೆಯೇ ಎಂದು ಅದರ ಫ್ಲೈಟ್ ಎಂಜಿನಿಯರ್ ಸಂಶಯ ವ್ಯಕ್ತಪಡಿಸಿದರು. ಇತರ ಚಾಲಕರಿಗೆ ತರಬೇತಿ ನೀಡುತ್ತಿದ್ದ ಹಿರಿಯರಾದ ಕ್ಯಾಪ್ಟನ್ ಬಿಟ್ಟಿದೆಯೆಂದು ಒತ್ತಿ ಹೇಳಿದರು. ಪ್ರಶ್ನೆ ಅಲ್ಲಿಗೇ ನಿಂತಿತು. ಕೆಲವೇ ಕ್ಷಣಗಳಲ್ಲಿ ಎಲ್ಲವೂ ಮುಗಿಯಿತು. ಅಂದು ಆ ಕಾಕ್‌ಪಿಟ್ಟಿನಲ್ಲಿ ಬೇಕಾಗಿದ್ದುದು ಕಿರಿಯನು ಇನ್ನೊಮ್ಮೆ ಕೇಳುವ ಧೈರ್ಯ, ಹಿರಿಯನು ಕಿವಿಗೊಡುವ ವಿನಯ. ಹರಟೆಯನ್ನು ನಿಲ್ಲಿಸುವುದರ ಉದ್ದೇಶವೇ ಇಂತಹ ಒಂದು ಮಾತಿಗೆ ಎಡೆ ಮಾಡಿಕೊಡುವುದು. ಅನಗತ್ಯವಾದುದಕ್ಕೆ ಮೌನ, ಅಗತ್ಯವಾದುದಕ್ಕೆ ನಿರ್ಭಯವಾದ ನುಡಿ: ಎರಡೂ ಕೂಡಿದಾಗಲೇ ಅವಧಾನವು ಪೂರ್ಣವಾಗುತ್ತದೆ.

ಮಠದಲ್ಲಿ ಓದಿ ಹೊರಬಂದ ನಮ್ಮ ವಿದ್ಯಾರ್ಥಿಗಳಲ್ಲಿ ಬಸ್ಸು ನಡೆಸುವವರು, ಆಸ್ಪತ್ರೆಯಲ್ಲಿ ಔಷಧಿ ಅಳೆದು ಕೊಡುವವರು, ವಿದ್ಯುತ್ ತಂತಿಗಳ ಮೇಲೆ ದುಡಿಯುವವರು ಇರಬಹುದು. ಅವರ ಕೆಲಸದಲ್ಲೂ ಹಾರಾಟಕ್ಕೆ ಮುಂಚಿನ ಈ ನಿಧಾನಗತಿಯ ಹೊತ್ತು ಇದ್ದೇ ಇರುತ್ತದೆ. ಕಠಿಣವಾದ ಘಟ್ಟದಲ್ಲಿ ಭಯವೇ ಮನುಷ್ಯನನ್ನು ಎಚ್ಚರಿಸುತ್ತದೆ. ಸುಲಭವೆಂದು ತೋರುವ ಘಟ್ಟದಲ್ಲಿ ಎಚ್ಚರಿಸುವವರಿಲ್ಲ. ಅಲ್ಲಿ ತನ್ನನ್ನು ತಾನೇ ಎಚ್ಚರಿಸಿಕೊಳ್ಳುವುದು ಸಾಧನೆ. ಅದನ್ನು ರೂಢಿಸಿಕೊಂಡವನನ್ನು ನಂಬಿ ಪರರು ನಿಶ್ಚಿಂತೆಯಿಂದ ಪಯಣಿಸಬಹುದು.